ಕೈಯಿಲ್ಲದೆ ಕೈಯಾಡಿಸಿದ್ದು

ನಮ್ಮ ಯಜಮಾನರ ಕೈಗೆ ಸ್ಕ್ರೂಡ್ರೈವರ್ ಸಿಕ್ಕಿದ ದಿನವೆಲ್ಲ ಮನೆಯಲ್ಲಿ ಒಂದಲ್ಲ ಒಂದು ಪ್ರಸಂಗ ನಡೆದೇ ತೀರುತ್ತಿತ್ತು. ಅವರು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ಹಗಲೆಲ್ಲ ಅಲ್ಲಿ ಮೇಲಿನವರು ಹೇಳಿದ್ದನ್ನು ಮಾಡಿ, ಸಂಜೆ ಜಯನಗರದ ಮನೆಗೆ ಬಂದು ಯಾರೂ ಹೇಳದ್ದನ್ನು ಮಾಡುತ್ತಿದ್ದರು. ಅರವತ್ತರ ದಶಕದ ಮಾತು. ನಮ್ಮ ಬೀದಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮಲ್ಲಿ ಏನು ಬಿದ್ದರೂ ಸಿಡಿದರೂ ಸದ್ದು ಬಹಳ ದೂರ ಹೋಗುತ್ತಿತ್ತು.

ಆದರೆ ಕೈಯಾಡಿಸುವ ಯಂತ್ರವೊಂದನ್ನು ಅವರು ಮಾಡಲು ಒಂದು ಕಾರಣವಿತ್ತು. ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಅವರ ಬಲಗೈ ಭುಜದಿಂದ ಮೇಲೇಳದಂತಾಯಿತು. ನಮ್ಮತ್ತೆ ಎಂದರೆ ಹನುಮಂತನಗರದಿಂದ ಸಿದ್ದಾಪುರದವರೆಗೆ ಮೈಸೂರ್ ಪಾಕಿಗೆ ಹೆಸರಾದವರು. ಮದುವೆ ಮನೆಯಲ್ಲಿ ಅಡುಗೆಯವರು ಎಷ್ಟೇ ಜನರಿರಲಿ, ಆ ಬಾಣಲೆಯ ಮುಂದೆ ಇವರೇ ಕೂರಬೇಕು. ಹಿಂದಿನ ಮನೆಯ ಹುಡುಗಿ ಇನ್ನೂ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಾಗಲೇ, "ಇವಳ ಮದುವೆ ಮೈಸೂರ್ ಪಾಕು ನನ್ನದು" ಎಂದು ಮಾತು ಕೊಟ್ಟಿದ್ದರು. ಈಗ ಆ ಹುಡುಗಿಗೆ ಗಂಡು ಗೊತ್ತಾಗಿತ್ತು. ಅತ್ತೆಯ ಕೈಯಲ್ಲಿ ಸೌಟು ನಿಲ್ಲುತ್ತಿರಲಿಲ್ಲ.

ಮೈಸೂರ್ ಪಾಕು ಮಾಡುವವರಿಗೆ ನಮ್ಮಲ್ಲಿ ಹೇಳುವುದು ಒಂದೇ ಮಾತು: ಕೈ ಬಿಡದೆ ಕೈಯಾಡಿಸಬೇಕು. "ಕೈಯೇ ನನ್ನ ಕೈ ಬಿಟ್ಟುಬಿಡ್ತಲ್ಲೇ" ಎಂದು ಅತ್ತೆ ಒಂದು ದಿನ ನನ್ನ ಮುಂದೆ ಅತ್ತುಬಿಟ್ಟರು. ಗಟ್ಟಿಗಿತ್ತಿ ಹೆಂಗಸು, ಅವರ ಕಣ್ಣಲ್ಲಿ ನೀರು ನೋಡಿ ನನಗೂ ತಡೆಯಲಾಗಲಿಲ್ಲ. ಸಂಜೆ ಇವರಿಗೆ ಹೇಳಿದೆ. ಇವರು ಎದ್ದು ಹೋಗಿ ಸ್ಕ್ರೂಡ್ರೈವರ್ ತಂದರು.

ಗೋಡೆಯ ಮೇಲಿನ ಸಾರು

ಮನೆಯಲ್ಲೊಂದು ಹಳೆಯ ಟೇಬಲ್ ಫ್ಯಾನಿತ್ತು. ಅದರ ರೆಕ್ಕೆ ಕಿತ್ತು, ಮೋಟಾರನ್ನು ಬಗ್ಗಿಸಿ, ರೆಕ್ಕೆಯ ಜಾಗದಲ್ಲಿ ಮರದ ಸೌಟು ಕಟ್ಟಿದರು. ಒಲೆಯ ಸುತ್ತ ನಿಲ್ಲುವಂತೆ ಮೂರು ಕಬ್ಬಿಣದ ಕಾಲು. ತಿರುಪು ಸಡಿಲಿಸಿದರೆ ಕಾಲು ಉದ್ದವೂ ಆಗುತ್ತಿತ್ತು, ಗಿಡ್ಡವೂ ಆಗುತ್ತಿತ್ತು. "ಪಾಯಸದ ಪಾತ್ರೆಯಿಂದ ಮದುವೆ ಮನೆ ಬಾಣಲೆವರೆಗೆ ಯಾವುದಕ್ಕೆ ಬೇಕಾದ್ರೂ ಹೊಂದ್ಕೊಳ್ಳುತ್ತೆ" ಎಂದು ನನಗೆ ವಿವರಿಸಿದರು.

ಒಲೆಯ ಮೇಲೆ ಆಗಷ್ಟೇ ಕುದಿ ಬಂದ ತಿಳಿಸಾರಿತ್ತು. "ಸಾರಿಗೆ ಯಾಕ್ರೀ ಕೈಯಾಡಿಸ್ಬೇಕು?" ಎಂದೆ.

"ಟ್ರಯಲ್ ಕಣೇ, ಸುಮ್ನಿರು" ಎಂದು ಸ್ವಿಚ್ ಒತ್ತಿದರು.

ಫ್ಯಾನಿಗೆ ತಾನು ಫ್ಯಾನೆಂಬುದು ಮರೆತಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪಾತ್ರೆ ಖಾಲಿ. ಗೋಡೆ, ಕ್ಯಾಲೆಂಡರು, ಇವರ ಬನಿಯನ್, ಎಲ್ಲ ಕಡೆಯಿಂದ ಸಾರು ಇಳಿಯುತ್ತಿತ್ತು. ಪುಣ್ಯಕ್ಕೆ ಯಾರ ಮೈಯೂ ಸುಡಲಿಲ್ಲ.

"ಏನೋ ಅದು ಸದ್ದು?" ಎಂದು ಅತ್ತೆ ನಡುಮನೆಯಿಂದ ಕೇಳಿದರು.

"ಏನಿಲ್ಲಮ್ಮ, ಸ್ಪೀಡು ಸ್ವಲ್ಪ ಜಾಸ್ತಿ ಆಯ್ತು."

ಅತ್ತೆ ನಿಧಾನವಾಗಿ ಎದ್ದು ಬಂದರು. ನಾವಿಬ್ಬರೂ ಬೈಗುಳಕ್ಕೆ ಸಿದ್ಧರಾಗಿ ನಿಂತೆವು. ಅವರು ಗೋಡೆಯ ಮೇಲಿನ ಸಾರನ್ನು ಎಡಗೈ ಬೆರಳಿನಿಂದ ಒರೆಸಿ, ನಾಲಿಗೆಗೆ ಇಟ್ಟುಕೊಂಡು, ನನ್ನ ಕಡೆ ತಿರುಗಿದರು. "ಹುಣಿಸೆಹಣ್ಣು ಒಂಚೂರು ಕಮ್ಮಿ ಆಗಿದೆ ಕಣೇ."

ಮುದ್ದೆ ಮತ್ತು ಚಕ್ರ

ಫ್ಯಾನಿನ ಕತ್ತು ಅತ್ತಿತ್ತ ಆಡಿಸುವುದಕ್ಕೆಂದು ಒಳಗೆ ಸಣ್ಣ ಹಲ್ಲುಚಕ್ರಗಳಿರುತ್ತವಂತೆ. ಇವರು ಎರಡು ಭಾನುವಾರ ಕೂತು ಸೌಟನ್ನು ಆ ಚಕ್ರಗಳಿಗೆ ಸಿಕ್ಕಿಸಿದರು. ಜೊತೆಗೆ ಒಂದರಿಂದ ಐದರವರೆಗೆ ಅಂಕಿಯಿದ್ದ ರೆಗ್ಯುಲೇಟರ್. ಒಂದಕ್ಕಿಟ್ಟರೆ ಸೌಟು ದೇವರ ಪ್ರದಕ್ಷಿಣೆಯಷ್ಟು ನಿಧಾನ. ಹಾಲು, ಪಾಯಸ ಎಲ್ಲಕ್ಕೂ ಸರಿಹೋಯಿತು. ಇವರಿಗೆ ಧೈರ್ಯ ಬಂತು. ರಾಗಿಮುದ್ದೆ ತಿರುವಲು ಹೊರಟರು.

ಅದೇ ಹೊತ್ತಿಗೆ ಉತ್ತರಹಳ್ಳಿ ಕಡೆಯಿಂದ ಹಾಲು ತರುವಾಕೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹಿಟ್ಟು ಗಟ್ಟಿಯಾಗುವವರೆಗೆ ಸೌಟು ತಿರುಗಿತು. ಗಟ್ಟಿಯಾದ ಮೇಲೆ ಸೌಟು ನಿಂತು, ಪಾತ್ರೆ ತಿರುಗತೊಡಗಿತು. ಇವರು ರೆಗ್ಯುಲೇಟರನ್ನು ಜಾಸ್ತಿ ಮಾಡಿದಷ್ಟೂ ಪಾತ್ರೆ ಒಲೆಯ ಮೇಲೆ ಗಿರಗಿರನೆ ಸುತ್ತಿತು.

ಹಾಲಿನಾಕೆ ಕ್ಯಾನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಅಮ್ಮೋ, ಇದು ಮುದ್ದೆ ಮಿಷನ್ನಲ್ಲ ಕಣಮ್ಮೋ, ಕುಂಬಾರನ ಚಕ್ರ! ಇನ್ನೊಸಿ ಬುಟ್ರೆ ಮಡಿಕೆ ಆಯ್ತದೆ."

ಮರುದಿನವೇ ಇವರು ಪಾತ್ರೆಯನ್ನು ಹಿಡಿದುಕೊಳ್ಳಲು ಎರಡು ಕೊಕ್ಕೆ ಜೋಡಿಸಿದರು. ಆದರೂ ಹಾಲಿನಾಕೆ ಬಹಳ ದಿನ ಬಂದಾಗಲೆಲ್ಲ, "ಮಡಿಕೆ ಬೆಂದ್ವಾ?" ಎಂದು ಕೇಳುವುದನ್ನು ಬಿಡಲಿಲ್ಲ.

ಅಂಕಿಗಳ ಕಾಲ

ಅತ್ತೆಗೆ ಈಗ ಕೆಲಸ ಸಿಕ್ಕಿತು. ಒಲೆಯ ಪಕ್ಕ ಮಣೆ ಹಾಕಿಕೊಂಡು, ಎಡಗೈಯನ್ನು ರೆಗ್ಯುಲೇಟರಿನ ಮೇಲಿಟ್ಟು ಕೂರುತ್ತಿದ್ದರು. ಸ್ವಲ್ಪ ದಿನಕ್ಕೆ ಅವರ ಮಾತೆಲ್ಲ ಅಂಕಿಯಾಯಿತು. ಮಳೆ ಬಂದರೆ, "ಎರಡರಲ್ಲಿದೆ, ಬಟ್ಟೆ ಆಮೇಲೆ ತೆಗಿ" ಎನ್ನುವರು. ಇವರು ಕಾರ್ಖಾನೆಯಿಂದ ಮುಖ ಗಂಟಿಕ್ಕಿಕೊಂಡು ಬಂದರೆ, "ನಿನ್ನ ಗಂಡ ನಾಲ್ಕರಲ್ಲಿದಾನೆ, ಕಾಫಿ ಕುಡಿಯೋವರ್ಗೂ ಮಾತಾಡಿಸ್ಬೇಡ" ಎಂದು ನನಗೆ ಪಿಸುಗುಟ್ಟುವರು. ಅವರು ಮತ್ತೆ ನಗುವುದನ್ನು ನೋಡಿ ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ಅಷ್ಟರಲ್ಲಿ ಹಿಂದಿನ ಮನೆಯ ಯಜಮಾನರು ಬಂದರು. ನಾಳೆ ಮಗಳ ನಿಶ್ಚಿತಾರ್ಥ. "ಸಾರ್, ಮೈಸೂರ್ ಪಾಕಿಗೆ ಆ ಮಿಷನ್ ಒಂದಿನ ಕೊಟ್ಟಿರಿ. ಅಜ್ಜಿಗೆ ಪಾಪ ಯಾಕೆ ತೊಂದ್ರೆ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅತ್ತೆ ಮಣೆಯಿಂದ ಎದ್ದು ಕೋಣೆಗೆ ಹೋಗಿಬಿಟ್ಟರು. ಅವರ ಕೈಗೆ ಬದಲಾಗಿ ಮಾಡಿದ್ದು, ಈಗ ಅವರಿಗೇ ಬದಲಾಗಿ ಹೋಗುತ್ತಿತ್ತು. ಇವರ ಮುಖವೂ ಸಣ್ಣಗಾಯಿತು. ಕೇಳಿದವರಿಗೆ ಇಲ್ಲ ಎನ್ನಲಾಗದೆ ಕೊಟ್ಟರು.

ಮರುದಿನ ಮಧ್ಯಾಹ್ನ ಇಬ್ಬರು ಗಂಡಸರು ಬಾಣಲೆಯನ್ನು ಹೊತ್ತುಕೊಂಡು ನಮ್ಮ ಹಿತ್ತಲಿಗೆ ಬಂದರು. ಬಾಣಲೆಯ ಮೇಲೆ ಯಂತ್ರ ಹಾಗೇ ನಿಂತಿತ್ತು. ಅದರ ಸೌಟು ಮೈಸೂರ್ ಪಾಕಿನಲ್ಲಿ ನೆಟ್ಟ ಕಂಬವಾಗಿತ್ತು. ಹದ ಬಂದಾಗ ಇಳಿಸಬೇಕೆಂದು ಯಾರಿಗೂ ಹೊಳೆದಿಲ್ಲ. ಮಿಷನ್ ತಾನೇ ನಿಲ್ಲುತ್ತದೆಂದು ಎಲ್ಲರೂ ಕಾದಿದ್ದಾರೆ. ಅದು ನಿಂತದ್ದೂ ನಿಜ, ಪಾಕು ಕಲ್ಲಾದ ಮೇಲೆ.

ಅತ್ತೆ ಹೊರಗೆ ಬಂದು ನೋಡಿದರು. ಬೆರಳಿನಿಂದ ತಟ್ಟಿದರು. ಟಣ್ ಎಂದಿತು. ಮಗನ ಕಡೆ ತಿರುಗಿ, "ಕೈಯಾಡಿಸೋದೇನೋ ಕಲಿಸಿದೀಯ ಕಣೋ. ಕೈ ತೆಗೆಯೋದು ಯಾವಾಗ ಕಲಿಸ್ತೀಯ?" ಎಂದರು.

ಹಿಂದಿನ ಮನೆಯ ಯಜಮಾನರು ಕೈಮುಗಿದರು. "ಅಜ್ಜಿ, ಮದುವೆಗೆ ನೀವೇ ಬಂದು ಕೂರ್ಬೇಕು."

"ಇದು?" ಎಂದು ಅತ್ತೆ ಯಂತ್ರವನ್ನು ತೋರಿಸಿದರು.

"ಅದನ್ನೂ ಕರ್ಕೊಂಡು ಬನ್ನಿ."

"ಸರಿ ಬಿಡಪ್ಪ, ಸಕುಟುಂಬ ಸಮೇತ ಬರ್ತೀವಿ."

ಶಬ್ದ ಜಾಸ್ತಿ

ಮದುವೆಯ ಹಿಂದಿನ ದಿನ ಹುಡುಗಿಯ ಮನೆಯ ಹಿತ್ತಲಲ್ಲಿ ಸೌದೆ ಒಲೆ, ದೊಡ್ಡ ಬಾಣಲೆ, ಕಿಟಕಿಯಿಂದ ಎಳೆದ ವೈರು. ಅತ್ತೆ ಹೊಸ ಸೀರೆ ಉಟ್ಟು ಸ್ಟೂಲಿನ ಮೇಲೆ ರೆಗ್ಯುಲೇಟರ್ ಹಿಡಿದು ಕೂತಿದ್ದರು. ಪಾಕ ಎಳೆ ಬಂತು, ಕಡಲೆಹಿಟ್ಟು ಬಿತ್ತು, ಅಡುಗೆಯವರು ಕಾದ ತುಪ್ಪ ಹಾಕುತ್ತಾ ಹೋದರು. ಸೌಟು ಚೆನ್ನಾಗಿ ತಿರುಗುತ್ತಿತ್ತು. ಆಗ ಚಪ್ಪರದಲ್ಲಿ ಯಾರೋ ಮೈಕ್ ಸೆಟ್ ಹಾಕಿದರು. ಒಂದು ಸಲ ಕೊರ್ ಎಂದಿತು. ಫ್ಯೂಸು ಹೋಯಿತು. ಯಂತ್ರ ನಿಂತಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. ಇನ್ನು ಅರೆಗಳಿಗೆ ತಡವಾದರೆ ಮತ್ತೆ ಕಲ್ಲು, ಅದೂ ಮಾತು ಕೊಟ್ಟ ಹುಡುಗಿಯ ಮದುವೆಯಲ್ಲಿ. ಇವರು ಇಸ್ತ್ರಿ ಮಾಡಿದ ಪಂಚೆಯನ್ನು ಎತ್ತಿ ಕಟ್ಟಿ, ಯಂತ್ರವನ್ನು ಪಕ್ಕಕ್ಕೆಳೆದು, ದೊಡ್ಡ ಸೌಟು ಹಿಡಿದು ಬಾಣಲೆಯ ಮುಂದೆ ನಿಂತರು.

"ಮೂರಕ್ಕೆ ಹಾಕೋ!" ಎಂದು ಕೂಗಿದರು ಅತ್ತೆ. ಎಡಗೈ ಇನ್ನೂ ಸತ್ತ ರೆಗ್ಯುಲೇಟರಿನ ಮೇಲೆಯೇ ಇತ್ತು. ಇವರು ಮೂರಕ್ಕೆ ಹಾಕಿದರು.

"ನಾಲ್ಕು! ಗೂಡು ಕಟ್ತಾ ಇದೆ, ನಾಲ್ಕು!"

ಇವರು ಉಸ್ಸು ಬುಸ್ಸು ಎನ್ನುತ್ತಾ ನಾಲ್ಕಕ್ಕೆ ಹೋದರು. ಬೆವರು ಇಳಿಯುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಈಗ ಎರಡು... ಕೈ ಬಿಡ್ಬೇಡ... ಒಂದು... ಆಫ್!"

ಬಾಣಲೆ ಇಳಿಯಿತು, ತಟ್ಟೆಗೆ ಸುರಿದದ್ದಾಯಿತು. ಬಂಗಾರದ ಬಣ್ಣ, ಮೈತುಂಬ ತೂತು. ಮದುವೆ ಹುಡುಗಿಯೇ ಓಡಿ ಬಂದು ಮೊದಲ ತುಂಡನ್ನು ಬಾಯಿಗೆ ಹಾಕಿಕೊಂಡು, "ಅಜ್ಜಿ, ಇದು ನಿಮ್ಮ ಕೈದೇ" ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಹಿರಿಯ ಅಡುಗೆಯವರು ಯಂತ್ರವನ್ನೂ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ ಇವರನ್ನೂ ನೋಡಿ ಕೇಳಿದರು. "ಅಮ್ಮಾ, ಎರಡರಲ್ಲಿ ಯಾವ ಮಿಷನ್ ವಾಸಿ?"

ಅತ್ತೆ ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇದೇ ವಾಸಿ ಕಣಪ್ಪ, ಕೈ ಬಿಡೋದಿಲ್ಲ. ಶಬ್ದ ಮಾತ್ರ ಸ್ವಲ್ಪ ಜಾಸ್ತಿ."