ಒಂದು ಆಲ್ಬಮ್ಮಿನ ಮರುವಿಚಾರಣೆ

ಕಾಲ ಕಡೆಗಣಿಸಿದ ಕಲಾಕೃತಿಗೆ ಎಂದಾದರೊಂದು ದಿನ ನ್ಯಾಯ ಸಿಕ್ಕೇ ಸಿಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನ್ಯಾಯಾಧೀಶ ಆ ಹೊತ್ತಿನಲ್ಲಿ ಅಲ್ ಶಮಾಲ್ ರಸ್ತೆಯಲ್ಲಿ ಕಾರು ಓಡಿಸುತ್ತ, ಒಂದು ಕೈಯಲ್ಲಿ ಚಪಾತಿ ಸುರುಳಿ ಹಿಡಿದಿರಬಹುದು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ನಾನು ಹಿಡಿದಿದ್ದೆ.

ದೋಹಾದಲ್ಲಿ, ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನಲ್ಲಿ, ಶುಕ್ರವಾರ ಸಂಜೆ ಏಳೆಂಟು ಮಂದಿ ಕನ್ನಡಿಗರು ಸೇರಿ ಹಳೆಯ ವಿದೇಶಿ ಸಂಗೀತದ ಬಗ್ಗೆ ಮಾತಾಡುವ ಪದ್ಧತಿಯಿದೆ. ಮಾತಾಡುವ ಎಂದೆ, ಕೇಳುವ ಎನ್ನಲಿಲ್ಲ. ಒಬ್ಬರು ಒಂದು ಆಲ್ಬಂ ಅನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಾರೆ. ಕಟ್ಟಡ ಕೆಲಸದ ಸೈಟಿಗೆ ಹೋಗಿಬರುವಾಗ ನಾನು ಅದನ್ನು ಕಾರಿನಲ್ಲಿ ಕೇಳಿ ಮುಂದಿನ ಶುಕ್ರವಾರ ತೀರ್ಪು ಕೊಡುತ್ತೇನೆ. ಉಳಿದವರು ಬಜ್ಜಿ ತಿನ್ನುತ್ತ ಒಪ್ಪುತ್ತಾರೆ. ಈ ಹುದ್ದೆಗೆ ನನ್ನನ್ನು ಯಾರೂ ನೇಮಿಸಲಿಲ್ಲ. ಮೈಸೂರಿನಲ್ಲಿ ಕಾಲೇಜು ಓದುವಾಗ ನನ್ನ ಬಳಿ ಟೇಪ್‌ರೆಕಾರ್ಡರ್ ಇತ್ತೆಂದು ಒಮ್ಮೆ ಹೇಳಿದ್ದೆ, ಅಷ್ಟೇ.

ನಮ್ಮಲ್ಲಿ ಮಂಗಳೂರಿನ ವಲೇರಿಯನ್ ಎಂಬವರಿದ್ದಾರೆ. ಅಬು ಹಮೂರಿನ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಾರೆ. ಗುಂಪಿನಲ್ಲಿ ನಿಜವಾಗಿ ಸಂಗೀತ ಗೊತ್ತಿರುವವರು ಅವರೊಬ್ಬರೇ, ಆದ್ದರಿಂದ ಅವರು ಮಾತಾಡುತ್ತಿರಲಿಲ್ಲ. ಅವರು ತಂದದ್ದು ಐವರು ಕಪ್ಪು ಅಮೆರಿಕನ್ನರ ಹಾಡುಗುಂಪಿನ ಸೋಲ್ ಆಲ್ಬಂ. ಸೋಲ್ ಎಂದರೆ ಚರ್ಚಿನಲ್ಲಿ ಹುಟ್ಟಿ, ಬೆಳೆದ ಮೇಲೆ ಪ್ರೇಮದಲ್ಲಿ ಬಿದ್ದ ಸಂಗೀತ. ಆ ಗುಂಪಿನ ಉಳಿದ ಆಲ್ಬಂಗಳೆಲ್ಲ ಲೋಕಪ್ರಸಿದ್ಧ, ಇದೊಂದು ಮಾತ್ರ ಬಂದದ್ದೂ ಗೊತ್ತಾಗದೆ ಮರೆಯಾಗಿತ್ತು. ವಾರ ಕಳೆದು ನಾನು ಗಂಟಲು ಸರಿಪಡಿಸಿಕೊಂಡು ತೀರ್ಪು ಓದಿದೆ: “ಇದರಲ್ಲಿ ನಾಲ್ವರು ಊ ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಆ ಎನ್ನುತ್ತಾರೆ. ಯಾರಿಗೆ ಎನ್ನುತ್ತಾರೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಮ್ಯಾನೇಜರ್ ರಜೆ ಹಾಕಿದ ಆಫೀಸಿನಂತಿದೆ. ಇದನ್ನು ಮರೆತದ್ದು ಜನರ ವಿವೇಕ.”

ಎಲ್ಲರೂ ನಕ್ಕರು. ವಲೇರಿಯನ್ ಮೆಲ್ಲಗೆ, “ಮುಖ್ಯ ಗಾಯಕ ಉಂಟಲ್ಲ ಸರ್?” ಎಂದರು.

ಆಗ ನಾನು ಬೀರಿದ ಮುಗುಳ್ನಗೆಯನ್ನು ನೆನೆದರೆ ಇಂದಿಗೂ ಬೆವರುತ್ತೇನೆ. “ಇದ್ದಾನೆ ಅಂತ ನಿಮಗೆ ಅನ್ನಿಸತ್ತೆ ವಲೇರಿಯನ್. ಕೇಳ್ತಾ ಕೇಳ್ತಾ ಅದು ಹೋಗತ್ತೆ,” ಎಂದೆ.

ವಿಷಯ ಏನೆಂದು ನನ್ನ ಹೆಂಡತಿ ಸುಧಾಗೆ ವಲೇರಿಯನ್ನರ ಪತ್ನಿ ಹಿಲ್ಡಾರಿಂದ ತಿಳಿಯಿತು. ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಹಿಲ್ಡಾಗಾಗಿ ಹಾಡಲೆಂದು ಆ ಆಲ್ಬಮ್ಮಿನ ಮೂರನೆಯ ಹಾಡನ್ನು ವಲೇರಿಯನ್ ನಾಲ್ವರು ಗೆಳೆಯರೊಂದಿಗೆ ಎರಡು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದರಂತೆ. ಮುಖ್ಯ ದನಿ ಅವರದೇ. ನನ್ನ ತೀರ್ಪಿನ ಮರುದಿನ ಗೆಳೆಯರಿಗೆ “ಖಲಾಸ್, ಬೇಡ” ಎಂದು, ಹಿಲ್ಡಾಗೆ, “ಅಷ್ಟು ತಿಳಿದವರು ಹೇಳಿದ ಮೇಲೆ ನಾನು ಎಂತ ಹಾಡುವುದು ಮಾರಾಯ್ತಿ?” ಎಂದರಂತೆ. ಇದನ್ನು ಕೇಳಿ ನನಗೆ ಬೇಸರವಾಯಿತು ಎಂದು ಬರೆಯಬೇಕೆಂದಿದ್ದೆ. ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯಾಯಿತು.

ಅದೇ ವಾರ ಕಾರಿನ ಏಸಿ ಕೆಮ್ಮತೊಡಗಿ ನಾನೂ ಸುಧಾಳೂ ಗ್ಯಾರೇಜಿಗೆ ಹೋದೆವು; ವಲೇರಿಯನ್ನರ ಪೆನ್‌ಡ್ರೈವ್ ಇನ್ನೂ ಕಾರಿನಲ್ಲೇ ಹಾಡುತ್ತಿತ್ತು. ಮಲಯಾಳಿ ಮೆಕ್ಯಾನಿಕ್ ಎಡಬಾಗಿಲನ್ನು ತಟ್ಟಿ ನೋಡಿ, “ಸಾರ್, ಲೆಫ್ಟ್ ಸೈಡ್ ಸ್ಪೀಕರ್ ಮಾಫಿ, ಕೆಲಸ ಇಲ್ಲ. ವಯರ್ ಕಟ್. ಬಹಳ ವರ್ಷ ಆಗಿದೆ,” ಎಂದು ಅರಬಿ ಬೆರೆತ ತನ್ನ ಹಿಂದಿಯಲ್ಲಿ ಹೇಳಿ ತಂತಿ ಜೋಡಿಸಿದ. ಕೂಡಲೇ ನನ್ನ ಎಡ ಮೊಣಕಾಲಿನ ಬಳಿ ಒಬ್ಬ ಮನುಷ್ಯ ಹಾಡತೊಡಗಿದ.

“ಅಯ್ಯೋ, ಇವನು ಇಲ್ಲೇ ಇದ್ದಾನಲ್ರೀ!” ಎಂದಳು ಸುಧಾ.

ಆ ಕಾಲದ ಧ್ವನಿಮುದ್ರಣದಲ್ಲಿ ಮುಖ್ಯ ಗಾಯಕನನ್ನು ಪೂರ್ತಿ ಎಡಕ್ಕೆ, ಜೊತೆಗಾರರನ್ನು ಪೂರ್ತಿ ಬಲಕ್ಕೆ ಕೂರಿಸಿದ್ದರು. ಅವನು ಹೆಂಡತಿಯ ಕ್ಷಮೆ ಕೇಳುತ್ತಿದ್ದ. ಮೇಲಕ್ಕೇರಿದ ದನಿ ಇನ್ನೇನು ಒಡೆಯಬೇಕು ಎನ್ನುವಾಗ ಬಲಗಡೆಯ ನಾಲ್ವರು ಊ ಎಂದು ಅದನ್ನು ಕೈಯೊಡ್ಡಿ ಹಿಡಿಯುತ್ತಿದ್ದರು. ಊ ಯಾರಿಗೆ ಎಂದು ಆಗ ತಿಳಿಯಿತು. ಹಾಡು ಮುಗಿದರೂ ನಾನು ಕಾರಿನಿಂದ ಇಳಿಯಲಿಲ್ಲ. ಇದಕ್ಕಿಂತ ಒಳ್ಳೆಯದನ್ನು ಆ ಗುಂಪು ಹಾಡಿಲ್ಲ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಈಗ ಬೆಲೆ ಎಷ್ಟೇ ಇರಲಿ.

ಮರ್ಯಾದಸ್ಥನಾಗಿದ್ದರೆ ಅಲ್ಲಿಂದಲೇ ವಲೇರಿಯನ್‌ಗೆ ಫೋನ್ ಮಾಡುತ್ತಿದ್ದೆ. ಬೆಳ್ಳಿಹಬ್ಬಕ್ಕೆ ಇನ್ನು ಹತ್ತೇ ದಿನ. ನಾನು ಭಾಷಣ ಬರೆದೆ. ಶುಕ್ರವಾರ ಎದ್ದು ನಿಂತು, ಆಳವಾದ ಚಿಂತನೆಯ ಫಲವಾಗಿ ನನ್ನ ನಿಲುವು ಬದಲಾಗಿದೆಯೆಂದೂ, ತಪ್ಪೊಪ್ಪಿಕೊಳ್ಳುವ ಎದೆಗಾರಿಕೆ ವಿಮರ್ಶಕನಿಗೆ ಇರಬೇಕೆಂದೂ ಹೇಳಿದೆ. ಚಪ್ಪಾಳೆ ಬಿತ್ತು. “ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು!” ಎಂದರು ಒಬ್ಬರು. ವಲೇರಿಯನ್ನರ ಕಣ್ಣು ಒದ್ದೆಯಾಗಿತ್ತು. ನಾನು ತಲೆ ತಗ್ಗಿಸಿ ಅದೆಲ್ಲವನ್ನೂ ಸ್ವೀಕರಿಸಿದೆ.

ಬಜ್ಜಿಯ ತಟ್ಟೆ ಹಿಡಿದು ಬಂದ ಸುಧಾ, “ಅಲ್ಲಾರೀ, ಸ್ಪೀಕರ್ ವಿಷಯ ಹೇಳ್ಲೇ ಇಲ್ಲ? ಎಡಗಡೇದು ಕೆಟ್ಟು ಎಷ್ಟೋ ವರ್ಷ ಆಗಿತ್ತಂತೆ, ಇವರಿಗೆ ಅರ್ಧ ಹಾಡು ಮಾತ್ರ ಕೇಳಿಸ್ತಿತ್ತು!” ಎಂದು ನಕ್ಕಳು.

ಯಾರೂ ಬಜ್ಜಿಗೆ ಕೈ ಹಾಕಲಿಲ್ಲ. “ಹಾಗಾದ್ರೆ ಇಷ್ಟು ವರ್ಷದ ತೀರ್ಪುಗಳೆಲ್ಲ ಸಾರ್?” ಎಂದು ಯಾರೋ ಕೇಳಿದರು. ನಾನು ಕಾರ್ಪೆಟ್ಟಿನ ಹೂವುಗಳನ್ನು ನೋಡುತ್ತಿದ್ದೆ. ವಲೇರಿಯನ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, “ಹಾಗಾದ್ರೆ ನಾನು ಹಾಡಬಹುದಲ್ಲ ಸರ್?” ಎಂದು ಕೇಳಿದರು. ನನ್ನನ್ನೇ ಕೇಳಿದರು.

ಮರುವಾರದ ಶನಿವಾರ, ಬೆಳ್ಳಿಹಬ್ಬದಲ್ಲಿ, ವಲೇರಿಯನ್ ಹಾಡಿದರು. ಹಿಲ್ಡಾ ಅತ್ತರು. ಹೇಗಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ.