ನಮ್ಮ ದಿಲಾವರ್, ಅವರ ಬೈರಾಗಿ

ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನಿಮಗೆ ನನ್ನ ಮೇಲೆ ಬರುವ ಸಿಟ್ಟು ಒಂದಿಷ್ಟು ಕಡಿಮೆಯಾದೀತು. ಸರಕಾರಿ ಕಚೇರಿಯಲ್ಲಿ ಬಂದ ಅರ್ಜಿಗಳನ್ನು ನೋಡುವ ಗುಮಾಸ್ತ ನಾನು. ಅರ್ಜಿಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇತ್ತೆಂದರೆ ಅರ್ಜಿ ವಾಪಸ್. “ಎರಡೂ ನಾನೇ ಅದೀನ್ರಿ ಸಾಹೇಬ್ರ” ಎಂದು ಆ ಮನುಷ್ಯ ಎದುರಿಗೆ ನಿಂತು ಎದೆ ಮುಟ್ಟಿಕೊಂಡು ಹೇಳಿದರೂ ನಾನು ಕಾಗದದಿಂದ ಕಣ್ಣೆತ್ತಿದವನಲ್ಲ. ಹಾಗೆ ನೋಡಿದರೆ ಆ ಕಾಲಕ್ಕೆ ನಮ್ಮ ಊರಿಗೇ ಎರಡು ಹೆಸರು. ಬಸ್ಸಿನ ಬೋರ್ಡಿನ ಮೇಲೆ ಗುಲಬರ್ಗಾ, ಕಂಡಕ್ಟರನ ಬಾಯಲ್ಲಿ ಕಲಬುರಗಿ. ಅದರಿಂದಾಗಿ ಯಾರೂ ಬೇರೆ ಊರಲ್ಲಿ ಇಳಿದದ್ದನ್ನು ನಾನು ಕೇಳಿಲ್ಲ. ಇಷ್ಟು ತಿಳಿವಳಿಕೆ ನನಗೆ ಆಗಲೇ ಇದ್ದಿದ್ದರೆ ನಮ್ಮ ಮೋಟಾರ್ ಸೈಕಲ್ಲು ನಾಲ್ಕು ವರ್ಷ ಅಂಗಳದಲ್ಲಿ ನಿಲ್ಲುತ್ತಿರಲಿಲ್ಲ.

ಕಂಪನಿ ಅದಕ್ಕಿಟ್ಟ ಹೆಸರು ದಿಲಾವರ್. ಎಂಬತ್ತರ ದಶಕದ ಕೊನೆಗೆ ಕೊಂಡದ್ದು. ಜಾಹೀರಾತಿನಲ್ಲಿ ಗಡ್ಡದವನೊಬ್ಬ ಅದನ್ನು ಹಿಮದ ಗುಡ್ಡದ ತುದಿಗೆ ಹತ್ತಿಸಿ ಆಕಾಶ ನೋಡುತ್ತಿದ್ದ. ನಾನಿರುವ ಖೂಬಾ ಪ್ಲಾಟ್ ಬಡಾವಣೆಗೆ ಹಿಮ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಅದರ ಸೀಟಿನ ಮೇಲೆ ಕೂರಬೇಕಾದರೆ ಮೊದಲು ಒದ್ದೆ ಟವೆಲ್ಲು ಹಾಸಬೇಕಾಗುತ್ತಿತ್ತು. ಗಾಡಿ ಎಷ್ಟು ಎತ್ತರವೆಂದರೆ, ನಿಲ್ಲಿಸಿದಾಗ ನನ್ನ ಒಂದು ಕಾಲು ಮಾತ್ರ ನೆಲಕ್ಕೆ ಮುಟ್ಟುತ್ತಿತ್ತು. ನನಗೂ ಸಾಹಸಕ್ಕೂ ಅಷ್ಟಕ್ಕಷ್ಟೇ. ರಸ್ತೆಯಲ್ಲಿ ಕೋಳಿ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಅದು ಪೂರ್ತಿ ದಾಟಿ, ಮನಸ್ಸು ಬದಲಿಸಿ ತಿರುಗಿ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಡುವ ಆಸಾಮಿ ನಾನು. ಆದರೂ ಪ್ರತಿ ಭಾನುವಾರ ನಾನೂ ಒಂದು ಸಾಹಸಯಾತ್ರೆ ಮಾಡುತ್ತಿದ್ದೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೆ, ಅಂದರೆ ಅವಳ ತವರಿಗೆ.

ಕಮಲಾಪುರದಲ್ಲಿ ನಮ್ಮ ಮಾವನವರದು ಕೆಂಪು ಬಾಳೆಯ ತೋಟ. ಅವರಿಗೆ ಮೊಣಕಾಲು ನೋವು ಬಂದು ದೂರ ನಡೆಯುವುದು ನಿಂತಿತ್ತು. ತೋಟಕ್ಕೆ ಹೋಗುವ ಬಂಡಿದಾರಿಯ ತುಂಬ ಕಲ್ಲು. ಎತ್ತಿನ ಬಂಡಿಯ ಕುಲುಕಾಟಕ್ಕೆ ಅವರ ಸೊಂಟ ಒಪ್ಪುತ್ತಿರಲಿಲ್ಲ. ನನ್ನ ಭಾವಮೈದುನನ ಸ್ಕೂಟರು ಎರಡನೇ ಕಲ್ಲಿಗೇ ಹೊಟ್ಟೆ ತಾಗಿಸಿಕೊಂಡು ಕೂತುಬಿಡುತ್ತಿತ್ತು. ನಮ್ಮ ದಿಲಾವರ್ ಒಂದೇ ಆ ದಾರಿಯನ್ನು ದಾರಿ ಎಂದು ಒಪ್ಪಿಕೊಂಡಿತ್ತು. ಮಾವನವರು ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಹಿಂದೆ ಕೂರುತ್ತಿದ್ದರು. ತೋಟದಲ್ಲಿ ಒಂದೊಂದು ಗಿಡದ ಮುಂದೆಯೂ ನಿಂತು, ಮನೆಯ ಹುಡುಗಿಯರ ಯೋಗಕ್ಷೇಮ ಕೇಳುವಂತೆ ವಿಚಾರಿಸುತ್ತಿದ್ದರು. ಬರುವಾಗ ನಮ್ಮಿಬ್ಬರ ನಡುವೆ ಒಂದು ಗೊನೆ. ಮಾತು ಕಡಿಮೆಯ ಆ ಮನುಷ್ಯ ಇಡೀ ವಾರ ಆ ಒಂದು ಗಂಟೆಗಾಗಿ ಕಾಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ನನಗೂ ಅದರ ಹೆಮ್ಮೆಯಿತ್ತು.

ಕೆಲವು ವರ್ಷಗಳಲ್ಲಿ ಕಂಪನಿ ಆ ಮಾಡೆಲನ್ನೇ ನಿಲ್ಲಿಸಿತು. ಅದಾದ ಮೇಲೆ ಒಂದು ದಿನ ದಿಲಾವರ್‌ನ ಕ್ಲಚ್ ಪ್ಲೇಟು ಸವೆದು ಹೋಯಿತು. ನಮ್ಮೂರ ಗಾಜಿಪುರ ಓಣಿಯ ಮೆಕ್ಯಾನಿಕ್ ಹಮೀದ್ ಉಸ್ತಾದ್ ಅದನ್ನು ಬಿಚ್ಚಿ ಕೈಯಲ್ಲಿಟ್ಟರು. “ಇಲ್ಲಿ ಇದರ ಮಾಲ್ ಬಂದ್ ಆಗ್ಯಾದ ಸಾಬ್. ಸೊಲ್ಲಾಪುರದಾಗ ನೋಡ್ರಿ. ಆದ್ರ ಈ ಹಳೇ ಪ್ಲೇಟ್ ಜರೂರ್ ತೊಗೊಂಡು ಹೋಗ್ರಿ, ಅವರಿಗಿ ತೋರಸ್ರಿ” ಎಂದರು. ನಾನು ಸೊಲ್ಲಾಪುರಕ್ಕೆ ಹೋದೆ. ಹಳೇ ಪ್ಲೇಟನ್ನು ಒಯ್ಯಲಿಲ್ಲ. ಕಾಗದ ಇರುವಾಗ ವಸ್ತು ಯಾಕೆ? ಗಾಡಿಯ ಪುಸ್ತಕದಲ್ಲಿ ಇದ್ದಂತೆಯೇ ದಿಲಾವರ್ ಎಂಬ ಹೆಸರನ್ನು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ಅಂಗಡಿಯಿಂದ ಅಂಗಡಿಗೆ ಚೀಟಿ ಹಿಡಿದುಕೊಂಡು ತಿರುಗಿದೆ. ಅಂಥ ಗಾಡಿಯ ಹೆಸರನ್ನೇ ಕೇಳಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಹೈದರಾಬಾದಿನಿಂದ ತರಿಸಿದ ಉತ್ತರ ಇನ್ನೂ ಸರಳ, ಸ್ಟಾಕ್ ಮುಗಿದಿದೆ. ದಿಲಾವರ್ ಅಂಗಳ ಸೇರಿತು. ಮೊದಲ ವರ್ಷ ಅದರ ಮೇಲೆ ತಾಡಪತ್ರಿ ಹೊದಿಸಿದೆವು. ಎರಡನೇ ವರ್ಷದಿಂದ ನನ್ನ ಹೆಂಡತಿ ಅದರ ಮೇಲೆ ಸಂಡಿಗೆ ಒಣಗಿಸತೊಡಗಿದಳು. ನಾವು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗತೊಡಗಿದೆವು. ಮಾವನವರು ಕೆಲವು ದಿನ “ಗಾಡಿ ಹ್ಯಾಂಗದರೀ?” ಎಂದು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಅದರಿಂದ ನನಗೆ ಬಹಳ ಸಂಕಟವಾಯಿತು.

ನಾಲ್ಕು ವರ್ಷದ ಮೇಲೆ ಒಂದು ಮುಂಜಾನೆ ಪೇಪರು ಬಿಡಿಸಿದರೆ ಅರ್ಧ ಪುಟದ ಜಾಹೀರಾತು. ಅದೇ ಟ್ಯಾಂಕು, ಅದೇ ಎತ್ತರದ ಮಡ್‌ಗಾರ್ಡು, ಸೀಟಿನ ಪಕ್ಕಕ್ಕೆ ಏರಿದ ಅದೇ ಸೈಲೆನ್ಸರು. ಗಡ್ಡದವನು ಮಾತ್ರ ಬೇರೆ. ಮೇಲೆ ದಪ್ಪಕ್ಷರದಲ್ಲಿ ‘ಬೈರಾಗಿ ಮರಳಿ ಬಂದಿದೆ’ ಎಂದಿತ್ತು. ನನ್ನ ಮೈಯೆಲ್ಲ ಉರಿಯಿತು. ಮರಳಿ ಬಂದದ್ದು ಯಾರು? ಈ ಬೈರಾಗಿ ಯಾವಾಗ ಹೋಗಿದ್ದ, ಬರಲಿಕ್ಕೆ? ನಮ್ಮ ದಿಲಾವರ್‌ನ ರೂಪ ಕದ್ದು ಬೇರೆ ಹೆಸರಿಟ್ಟಿದ್ದಾರೆ ಎಂದು ಕಂಪನಿಗೆ ಮೂರು ಪುಟದ ತಕರಾರು ಅರ್ಜಿ ಬರೆದೆ, ‘ಮಾನ್ಯರೇ’ಯಿಂದ ಹಿಡಿದು ‘ಸೂಕ್ತ ಕ್ರಮ’ದವರೆಗೆ. ಅಂಚೆಗೆ ಹಾಕುವ ಮೊದಲು ಹೆಂಡತಿಗೆ ಓದಿ ತೋರಿಸಿದೆ. ಅವಳು ಸಂಡಿಗೆ ತಿರುವುತ್ತ ಪೂರ್ತಿ ಕೇಳಿದಳು.

“ಅದೇ ಗಾಡಿ ಇರಬೇಕಲ್ರಿ” ಎಂದಳು.

“ಹೆಸರು ಬ್ಯಾರೆ ಅದ” ಎಂದೆ.

“ಕಮಲಾಪುರದಾಗ ನಾ ಶಾಂತಾ. ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ನಿಮ್ಮ ಉಂಗುರದ್ಲೆ ನೀವೇ ಮಾಲತಿ ಅಂತ ಬರದ್ರಿ. ಅವತ್ತಿನಿಂದ ನನ್ನ ಕೈ ಸಾರಿನ ರುಚಿ ಬದಲಾತೇನು? ಆ ಕಾಗದ ಆಮ್ಯಾಲ ಹಾಕೀರಂತ. ಮೊದಲು ಹಳೇ ಪ್ಲೇಟ್ ತೊಗೊಂಡು ಸೊಲ್ಲಾಪುರಕ್ಕ ಹೋಗಿ ಬರ್ರಿ.”

ಇಂಥ ಮಾತಿಗೆ ನಮ್ಮ ಕಚೇರಿಯಲ್ಲಿ ಷರಾ ಬರೆಯುವ ಪದ್ಧತಿ ಇಲ್ಲ. ಇಷ್ಟು ವರ್ಷ ಮಾಲತಿ, ಮಾಲತಿ ಎಂದು ಕೂಗುತ್ತ ಬಂದ ನಾನು, ಶಾಂತಾ ಎಂಬ ಹೆಸರು ನಿನಗೆ ನೆನಪಾಗುತ್ತದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅದನ್ನು ಕೇಳುವ ಬದಲು ಹಳೇ ಪ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಸೊಲ್ಲಾಪುರದಲ್ಲಿ ಹಿಂದೆ ಚೀಟಿ ತೋರಿಸಿದ್ದ ಮೊದಲ ಅಂಗಡಿಗೇ ಹೋಗಿ, ಹಳೇ ಪ್ಲೇಟನ್ನು ಹೆಸರು ಹೇಳದೆ ಕಟ್ಟೆಯ ಮೇಲಿಟ್ಟೆ. ಅಂಗಡಿಯವರೂ ಹೆಸರು ಕೇಳಲಿಲ್ಲ. ಹಿಂದಕ್ಕೆ ಕೈ ಚಾಚಿ ಒಂದು ಪೊಟ್ಟಣ ತೆಗೆದುಕೊಟ್ಟರು. ಅದರ ಮೇಲೆ ಬೈರಾಗಿ ಎಂದಿತ್ತು. ನಾಲ್ಕು ವರ್ಷದ ಹಿಂದೆಯೂ ಅದು ಅದೇ ಹಲಗೆಯ ಮೇಲೆ ಇತ್ತಂತೆ. ಎರಡು ಹೆಸರು ಯಾಕೆ ಎಂದರೆ ಅವರು ನಕ್ಕು, ಈಚೆಗೆ ಕಂಪನಿಯವರಿಂದ ತಮಗೆ ತಿಳಿದದ್ದನ್ನು ಹೇಳಿದರು. ಬೈರಾಗಿ ಎಂಬ ಗಾಡಿ ಮನೆಗೆ ತಂದರೆ ಗಂಡಸರು ಸಂಸಾರ ಬಿಟ್ಟು ಹೋದಾರು ಎಂದು ನಮ್ಮ ಕಡೆಯ ಮಾರಾಟಗಾರರು ಹೆದರಿದರಂತೆ. ಅದಕ್ಕೇ ನಮ್ಮ ಕಡೆಗೆ ಮಾತ್ರ ದಿಲಾವರ್, ಅಂದರೆ ಎದೆಗಾರ.

ಆ ಭಾನುವಾರ ಸಂಡಿಗೆ ಮಾಳಿಗೆ ಸೇರಿತು, ನಾವು ಕಮಲಾಪುರ ಸೇರಿದೆವು. ಮಾವನವರು ಶಬ್ದ ಕೇಳಿಯೇ ಕಟ್ಟೆಯಿಂದ ಎದ್ದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ಒಳಗೆ ತಿರುಗಿ, “ಶಾಂತಾ ಬಂದಾಳ, ದಿಲಾವರ್ ಬಂದಾರ, ಚಹಾ ಇಡ್ರಿ” ಎಂದು ಕೂಗಿದರು. ಗಾಡಿಯ ಮೇಲೆ ಎಷ್ಟು ಪ್ರೀತಿ ಎಂದು ನಾನು ಕರಗಿಹೋದೆ. ಅಷ್ಟರಲ್ಲಿ ಅತ್ತೆಯವರು ಒಳಗೆ ಸೊಸೆಗೆ ಹೇಳುವುದು ಕೇಳಿತು, “ದಿಲಾವರ್‌ಗ ಸಕ್ರಿ ಕಮ್ಮಿ ಹಾಕವ್ವ.”

ಮೋಟಾರ್ ಸೈಕಲ್ಲು ಚಹಾ ಕುಡಿಯುವುದಿಲ್ಲ. ಸಕ್ಕರೆ ಕಮ್ಮಿ ಬೇಕಾದದ್ದು ನನಗೆ. ಹೆಂಡತಿಯ ಮುಖ ನೋಡಿದೆ.

“ಮೊದಲನೇ ವರ್ಷದಿಂದ ಇಲ್ಲಿ ನಿಮ್ಮ ಹೆಸರು ಅದೇ ಅದ” ಎಂದಳು. “ಬಸ್ಸಿನ್ಯಾಗ ಬಂದಾಗೂ ಹಾಂಗೇ ಅಂತಿದ್ರು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಅವರಿಗೂ ರೇಷನ್ ಕಾರ್ಡ್ ತೋರಸ್ರಿ ಅಂತಿದ್ರಿ.”

ಮಾವನವರನ್ನು ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೊರಟೆ. ಊರು ದಾಟುವಷ್ಟರಲ್ಲಿ ಒಂದು ಕೋಳಿ ಅಡ್ಡ ಬಂತು. ಗಾಡಿ ನಿಲ್ಲಿಸಿ ಒಂಟಿ ಕಾಲಿನ ಮೇಲೆ ನಿಂತೆ. ಕೋಳಿ ಅರ್ಧ ದಾಟಿ, ನಿಂತು, ನನ್ನನ್ನು ನೋಡಿತು. ಮಾವನವರು ನನ್ನ ಭುಜದ ಮೇಲೆ ಕೈ ಇಟ್ಟುಕೊಂಡೇ ಸಮಾಧಾನದಿಂದ ಹೇಳಿದರು, “ಸಾವಕಾಶ ಹೋಗಲಿ ಬಿಡ್ರಿ, ದಿಲಾವರ್.”

ಯಾವ ಕಾಗದವನ್ನೂ ಕೇಳದೆ, “ಹೂಂ ರೀ” ಎಂದೆ.