ಬಿಸಿ ಪೇಜು, ತಂಗಳು ಪೇಜು

ಇಂಟರ್‌ನೆಟ್ ಸೆಂಟರ್ ಇಟ್ಟವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಶಿರಾ ಗೇಟಿನಲ್ಲಿ ನನ್ನದೊಂದಿತ್ತು. ಇದ್ದದ್ದು ಒಂದೇ ಫೋನ್ ಲೈನು. ಅದಕ್ಕೇ ಮೂಲೆಯಲ್ಲೊಂದು ಪ್ರಾಕ್ಸಿ ಕಂಪ್ಯೂಟರ್ ಕೂರಿಸಿದ್ದೆ. ಒಬ್ಬರು ನೋಡಿದ ಪೇಜನ್ನು ಅದು ಎತ್ತಿಟ್ಟುಕೊಂಡು, ಮುಂದಿನವರು ಕೇಳಿದಾಗ ಅದನ್ನೇ ಬಡಿಸುತ್ತಿತ್ತು.

ಸ್ಕೋರು

ಪಕ್ಕದಂಗಡಿಯ ಟೈಲರ್ ಸಾಬರಿಗೆ ಆಗ ಒಂದೇ ಚಿಂತೆ. ಮಗ ಎರಡನೇ ಸಲ ಪಿಯುಸಿ ಇಂಗ್ಲಿಷ್ ಕಟ್ಟಿದ್ದ. ಈ ಸಲವೂ ಹೋದರೆ ಓದು ಬಿಡಿಸಿ ಹೊಲಿಗೆ ಮಿಷಿನ್ನಿಗೆ ಕೂರಿಸುವುದೆಂದು ಹೇಳಿಬಿಟ್ಟಿದ್ದರು. ಚಿಂತೆ ಮರೆಯಲು ನಮ್ಮಲ್ಲಿ ಬಂದು ಕ್ರಿಕೆಟ್ ಸ್ಕೋರ್ ನೋಡುವರು.

ಒಂದು ಮಧ್ಯಾಹ್ನ, ಪ್ರಾಕ್ಸಿ ಎತ್ತಿಟ್ಟಿದ್ದ ಪೇಜಿನಲ್ಲಿ ಬ್ಯಾಟ್ಸ್‌ಮನ್ ತೊಂಬತ್ತೆಂಟಕ್ಕೆ ನಿಂತುಬಿಟ್ಟ. ಸಾಬರು ಟೇಪು ಕೊರಳಲ್ಲಿ ಹಾಕಿಕೊಂಡೇ ಕಾದರು. ಬಾಗಿಲಲ್ಲಿ ರೇಡಿಯೊ ಹಿಡಿದು ನಿಂತಿದ್ದ ಆಟೋದವನು, "ಅವ್ನು ಆಗ್ಲೇ ಔಟಾದ ಸಾಬ್ರೇ" ಎಂದ.

"ನಿಮ್ಮಲ್ಲಿ ಆಗಿರ್ಬೋದು. ನಮ್ಮಲ್ಲಿ ಇನ್ನೂ ಆಡ್ತಾವ್ನೆ, ಸುಮ್ನಿರಿ."

ಒಂದನೇ ಸೀಟು

ಮರುದಿನ ಪ್ರಾಕ್ಸಿಗೆ ಹೊಸ ಕಟ್ಟಳೆ ಹಾಕಿದೆ: ಒಂದನೇ ಸೀಟಿಗೆ ಪ್ರತಿಸಲವೂ ಹೊಸ ಪೇಜೇ ತರಬೇಕು, ಉಳಿದವಕ್ಕೆ ಎತ್ತಿಟ್ಟದ್ದೇ ಸಾಕು. ಸುದ್ದಿ ಹಬ್ಬಿತು. ಬಿಸಿ ಇಡ್ಲಿಗೆ ಕಾಯುವಂತೆ ಎಲ್ಲರೂ ಒಂದನೇ ಸೀಟಿಗೇ ಕಾಯತೊಡಗಿದರು. ಗುಬ್ಬಿ ಕಡೆಯ ಮಠದ ಹಿರಿಯರೊಬ್ಬರು ಮಾತ್ರ ನೇರ ಮೂಲೆಯ ಸೀಟಿಗೆ ಹೋದರು.

"ಅಲ್ಲಿ ಹಳೇದು ಬರುತ್ತೆ ಬುದ್ಧಿ" ಎಂದೆ.

"ನಾವು ನೋಡೋದು ವಚನ ಕಣಪ್ಪ. ಎಂಟುನೂರು ವರ್ಷದಿಂದ ಹಳೇದೇ ನಡೀತೈತೆ."

ರಿಸಲ್ಟು

ಪಿಯುಸಿ ರಿಸಲ್ಟ್ ದಿನ ಒಂದನೇ ಸೀಟಿನ ಸಾಲು ರಸ್ತೆಗಿಳಿದಿತ್ತು. ಸಾಬರು ಕಾಯಲಾರದೆ, ಖಾಲಿಯಿದ್ದ ಮೂರನೇ ಸೀಟಿನಲ್ಲಿ ಕೂತು ಮಗನ ನಂಬರ್ ಹೊಡೆದರು. ತಕ್ಷಣ ಬಂತು: ಫಸ್ಟ್ ಕ್ಲಾಸ್.

ನಾನು ಹೋಗಿ ನೋಡಿದೆ. ಹೆಸರು ಕುಣಿಗಲ್ಲಿನ ಹುಡುಗಿಯೊಬ್ಬಳದು. ಸ್ವಲ್ಪ ಮುಂಚೆ ಅವಳು ನೋಡಿಹೋದ ಪೇಜನ್ನೇ ಪ್ರಾಕ್ಸಿ, ನಂಬರ್ ಯಾವುದೆಂದು ನೋಡದೆ, ಇವರಿಗೂ ಬಡಿಸಿತ್ತು.

"ಸಾಬ್ರೇ, ಇದು ಯಾರೋ ಹುಡುಗೀದು."

"ಹೆಸರು ತಾನೆ? ಆಲ್ಟರೇಷನ್ ಮಾಡ್ಸಣ ಬುಡಿ. ಮಾರ್ಕ್ಸ್ ಮುಟ್ಬೇಡಿ."

ಮೂರನೇ ಸೀಟಿಗೂ ಹೊಸದೇ ಕೊಡುವಂತೆ ಪ್ರಾಕ್ಸಿಗೆ ಹೇಳಿ, ಮತ್ತೆ ನಂಬರ್ ಹೊಡೆದೆ. ಪೇಜು ತೆವಳಿಕೊಂಡು ಬಂತು. ಮೊದಲು ಮಗನ ಹೆಸರು. ಆಮೇಲೆ ಇಂಗ್ಲಿಷ್: ಮೂವತ್ತೈದು. ಪಾಸಾಗಲು ಎಷ್ಟು ಬೇಕೋ ಅಷ್ಟೇ.

ಫಸ್ಟ್ ಕ್ಲಾಸ್ ಕೈತಪ್ಪಿದ ಮನುಷ್ಯನಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಸಾಬರು ಎದ್ದು, ಎದೆ ಸೆಟೆಸಿ, ಸಾಲಿನಲ್ಲಿದ್ದವರ ಕಡೆ ತಿರುಗಿದರು.

"ಟೈಲರ್ ಮಗ ಕಣ್ರೀ. ಒಂದಿಂಚು ಬಟ್ಟೆ ವೇಸ್ಟ್ ಮಾಡಿಲ್ಲ."